ಸಿಡಿಲು ಹಿಡಿಯುವ ಸೋಪಿನ ಡಬ್ಬಿ

ಮೊನ್ನೆ ತಿಪಟೂರಿಗೆ ಹೋದಾಗ ಕೆಟ್ಟುಹೋದ ಮೊಬೈಲನ್ನು ರಿಪೇರಿಗೆ ಕೊಟ್ಟು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತಿದ್ದೆ. ರಿಪೇರಿಯಾತ ಅದರ ಹೊಟ್ಟೆ ಬಿಚ್ಚಿ, ಕಾದ ಕಡ್ಡಿಯನ್ನು ಎಲ್ಲೋ ಒಂದು ಕಡೆ ತಾಗಿಸಿದ. ಸುರ್ ಅಂತ ಒಂದೆಳೆ ಹೊಗೆ ಎದ್ದಿತು. ಬೆಸುಗೆಯ ಸೀಸವೂ ರಾಳವೂ ಒಟ್ಟಿಗೆ ಸುಟ್ಟ ವಾಸನೆ. ನಿಮಗೆ ಆ ವಾಸನೆ ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ, ಗೊತ್ತಿದ್ದರೇ ತಾಪತ್ರಯ. ಅರ್ಧ ಗಂಟೆ ಆಗುತ್ತದೆ ಅಂತ ಆತ ಹೇಳುತ್ತಿದ್ದ ಹಾಗೇ ನಾನು ನಲವತ್ತೈದು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದೆ.

ಆಗ ನಾನು ವಿಜ್ಞಾನಿಯಾಗಿದ್ದೆ. ನಗಬೇಡಿ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಬಿ.ಎಸ್ಸಿ. ಪಾಸು ಮಾಡಿ, ಅದೂ ಫಿಸಿಕ್ಸಿನಲ್ಲಿ ಎರಡನೇ ಸಲ ಕೂತು, ಕೆಲಸವಿಲ್ಲದೆ ಅರಳಗುಪ್ಪೆಯ ಪಕ್ಕದ ನಮ್ಮೂರಿನಲ್ಲಿ ದೊಡ್ಡಪ್ಪನ ಮನೆಯ ಮುದ್ದೆ ಮುರಿಯುತ್ತಿದ್ದೆ. ಹಾಗೆ ಸುಮ್ಮನೆ ಮುರಿಯುವುದು ಚೆನ್ನಾಗಿರುವುದಿಲ್ಲ ಅಂತ ಅಂಚೆಯಲ್ಲಿ ರೇಡಿಯೊ ರಿಪೇರಿ ಕೋರ್ಸು ಕಟ್ಟಿದೆ. ಎಂಟು ತಿಂಗಳಿಗೆ ಒಂದು ಸರ್ಟಿಫಿಕೇಟು ಬಂತು. ದೊಡ್ಡಪ್ಪ ಅದಕ್ಕೆ ಕಟ್ಟು ಹಾಕಿಸಿ ಶಿವಪಾರ್ವತಿಯರ ಪಟದ ಪಕ್ಕದಲ್ಲೇ ತೂಗುಹಾಕಿದರು. ಊರಿನವರು ನನ್ನನ್ನು 'ಎಂಜಿನಿಯರ್ರು' ಅನ್ನತೊಡಗಿದರು. ಆ ಬಹುವಚನದಲ್ಲಿ ಗೌರವ ಎಷ್ಟಿತ್ತು, ಗೇಲಿ ಎಷ್ಟಿತ್ತು ಅಂತ ಅಳೆಯುವ ಯಂತ್ರವನ್ನು ನನ್ನ ಕೋರ್ಸು ಕಲಿಸಿರಲಿಲ್ಲ. ನನ್ನ ಕೈಗೆ ಬಂದ ಮೊದಲ ಮೂರು ರೇಡಿಯೊಗಳು ಬರುವಾಗ ಗೊರಗೊರ ಅನ್ನುತ್ತಿದ್ದವು; ಹೋಗುವಾಗ ಮೌನವ್ರತ ಹಿಡಿದಿದ್ದವು. ನಾಲ್ಕನೆಯದನ್ನು ಯಾರೂ ತರಲಿಲ್ಲ.

ಸಿಡಿಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಆಕಾಶಕ್ಕೆ ಎಲ್ಲಕ್ಕಿಂತ ಹತ್ತಿರ ನಿಂತಿರುವುದು ತೆಂಗಿನ ಮರ. ಮುಂಗಾರಿಗೆ ಮೊದಲು, ಭರಣಿ ಕೃತ್ತಿಕೆ ಮಳೆಗಳ ಹೊತ್ತಿನಲ್ಲಿ, ಮಧ್ಯಾಹ್ನ ಮೋಡ ಕಟ್ಟಿತೆಂದರೆ ಯಾರದೋ ತೋಟದ ಒಂದೆರಡು ಮರದ ಸುಳಿ ಸುಟ್ಟುಹೋಯಿತು ಅಂತಲೇ ಅರ್ಥ. ಸಿಡಿಲು ಬಡಿದ ಮರ ತಕ್ಷಣ ಬೀಳುವುದಿಲ್ಲ. ಗರಿಯೆಲ್ಲ ಒಂದೊಂದಾಗಿ ಜೋತು, ಕೊನೆಗೆ ಬರೀ ಕಂಬವಾಗಿ ವರ್ಷಗಟ್ಟಲೆ ನಿಂತಿರುತ್ತದೆ. ಅದನ್ನು ನೋಡಿ ಊರೆಲ್ಲ ಲೊಚಗುಟ್ಟುತ್ತಿತ್ತು. ಮರ ಹತ್ತುವವರ ಬಗ್ಗೆ ಅಷ್ಟು ಲೊಚಗುಟ್ಟಿದ್ದು ನನಗೆ ನೆನಪಿಲ್ಲ.

ಮನೆಯ ಹಿತ್ತಲಿಗೆ ಹೊಂದಿಕೊಂಡಿದ್ದ ನಮ್ಮ ತೋಟದ ಕಾಯಿ ಕೀಳುತ್ತಿದ್ದವನು ಮೂಡ್ಲಯ್ಯ. ನಲವತ್ತು ದಾಟಿದ, ಕಡ್ಡಿಯಂಥ ಆಳು. ಕಾಲಿಗೆ ಹಗ್ಗದ ಬಳೆ, ಸೊಂಟದಲ್ಲಿ ಮಚ್ಚು, ಬಾಯಲ್ಲಿ ಎಲೆಯಡಿಕೆ. ಎಂಬತ್ತು ಅಡಿ ಮರವನ್ನು ನಾವು ಅಟ್ಟದ ಏಣಿ ಹತ್ತುವುದಕ್ಕಿಂತ ಸಲೀಸಾಗಿ ಹತ್ತುತ್ತಿದ್ದ. ಅವನಲ್ಲಿ ಒಂದೇ ಒಂದು ದೋಷ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಬೇಸಗೆಯ ಮಧ್ಯಾಹ್ನಗಳಲ್ಲಿ ಇದ್ದಕ್ಕಿದ್ದಂತೆ ಇಳಿದುಬಿಡುತ್ತಿದ್ದ. ಯಾಕೆಂದರೆ, ಗಾಳಿ ತಿರುಗಿತು ಅನ್ನುತ್ತಿದ್ದ. ಇಲ್ಲವೇ ಮೇಲುಗಡೆ ಗರಿ ಬೇರೆ ಥರ ಸದ್ದು ಮಾಡುತ್ತಿದೆ ಅನ್ನುತ್ತಿದ್ದ. ಅವನು ಇಳಿದ ನಾಲ್ಕು ಸಲದಲ್ಲಿ ಮೂರು ಸಲ ಏನೂ ಆಗುತ್ತಿರಲಿಲ್ಲ. ದೊಡ್ಡಪ್ಪ ಆ ಮೂರನ್ನು ಜ್ಞಾಪಕ ಇಟ್ಟುಕೊಳ್ಳುತ್ತಿದ್ದರು. ಸೋಮಾರಿತನಕ್ಕೆ ನೂರು ನೆಪ ಅನ್ನುತ್ತಿದ್ದರು. ಜಗಲಿಯ ದಿಂಬಿಗೆ ಒರಗಿ ಈ ಮಾತು ಹೇಳುವಾಗ ಅವರ ದನಿಯಲ್ಲಿ ನಿಜವಾದ ನೋವಿರುತ್ತಿತ್ತು.

ಆ ಬೇಸಗೆಯ ಒಂದು ಮಧ್ಯಾಹ್ನ ರೇಡಿಯೊದಲ್ಲಿ ಹಾಡು ಕೇಳುತ್ತಿದ್ದಾಗ ನಡುನಡುವೆ ಚಟ್ ಚಟ್ ಅಂತ ಸದ್ದು ಬರತೊಡಗಿತು. ಹೊರಗೆ ನೋಡಿದರೆ ಬಿಸಿಲು. ಮುಕ್ಕಾಲು ಗಂಟೆಯ ಮೇಲೆ ಚಿಕ್ಕನಾಯಕನಹಳ್ಳಿಯ ಕಡೆಯಿಂದ ಮೋಡ ಎದ್ದು ಬಂತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ದೂರದಲ್ಲಿ ಮಿಂಚಿದ್ದು ರೇಡಿಯೊಗೆ ಮೊದಲೇ ಗೊತ್ತಾಗುತ್ತದೆ! ಹಾಗಾದರೆ ಆ ಚಟ್ ಅನ್ನುವ ಸದ್ದನ್ನಷ್ಟೇ ಹಿಡಿದು, ದೊಡ್ಡದು ಮಾಡಿ, ಒಂದು ಕರೆಗಂಟೆ ಬಾರಿಸುವಂತೆ ಮಾಡಿದರೆ? ಮೂಡ್ಲಯ್ಯನಿಗೆ ಊಹೆಯ ಗೊಡವೆ ಇರುವುದಿಲ್ಲ, ದೊಡ್ಡಪ್ಪನಿಗೆ ಗೊಣಗುವ ಕಾರಣ ಇರುವುದಿಲ್ಲ. ನಾನು ಆ ದಿನ ನಿಜವಾಗಿಯೂ ಮೂಡ್ಲಯ್ಯನ ಜೀವದ ಬಗ್ಗೆಯೇ ಯೋಚಿಸಿದ್ದೆ. ಪತ್ರಿಕೆಯಲ್ಲಿ ನನ್ನ ಫೋಟೊ ಬರುವ ಬಗ್ಗೆ ಯೋಚಿಸಿದ್ದು ಮಾರನೇ ದಿನ.

ತಂತಿಯ ಸುರುಳಿ, ಎರಡು ಟ್ರಾನ್ಸಿಸ್ಟರು, ಮನೆಯಲ್ಲಿ ಕೆಟ್ಟು ಬಿದ್ದಿದ್ದ ಹಳೆಯ ರೇಡಿಯೊದಿಂದ ಯಾರಿಗೂ ಹೇಳದೆ ಕಿತ್ತ ಒಂದೆರಡು ಬಿಡಿಭಾಗ, ಹಳೆಯ ಕರೆಗಂಟೆ, ನಾಲ್ಕು ಟಾರ್ಚಿನ ಸೆಲ್ಲು. ಇಷ್ಟನ್ನೂ ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿಯ ಒಳಗೂ ಬೆನ್ನಿಗೂ ಕಟ್ಟಿ ಹಿತ್ತಲ ಕಡೆಯ ಪಡಸಾಲೆಯ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದೆ. ಅಲ್ಲಿಂದ ತಾಮ್ರದ ತಂತಿ ಅಟ್ಟಕ್ಕೆ ಹೋಗಿ, ಕೊಬ್ಬರಿಯಾಗಲೆಂದು ಒಂದು ವರ್ಷದಿಂದ ಮಲಗಿದ್ದ ಕಾಯಿರಾಶಿಯ ಮೇಲೆ ಹಾದು, ಸೂರಿನ ತುದಿಗೆ ನಿಂತಿತು. ಬೆಸುಗೆಯ ಹೊಗೆಗೆ ದೊಡ್ಡಮ್ಮ ಮೂರು ದಿನ ಕೆಮ್ಮಿದರು. ನಾಲ್ಕನೇ ದಿನ ಡಬ್ಬಿ ಟರ್ರ್ ಅಂತ ಕೂಗಿತು.

ಕೂಗಿದ್ದು ಸಿಡಿಲಿಗಲ್ಲ, ಹಿಟ್ಟಿನ ಗಿರಣಿಗೆ. ಬೀದಿಯ ಆ ತುದಿಯಲ್ಲಿ ಗಿರಣಿಯ ಮೋಟಾರು ಹಾಕಿದರೆ ಡಬ್ಬಿ ಕೂಗುತ್ತಿತ್ತು. ಪಕ್ಕದ ತೋಟದ ಪಂಪ್‌ಸೆಟ್ ಹಾಕಿದರೆ ಕೂಗುತ್ತಿತ್ತು. ಪೋಸ್ಟಿನವರ ಮೊಪೆಡ್ಡು ಬಂದರೆ ಅವರಿಗಿಂತ ಮೊದಲು ಬಾಗಿಲು ತಟ್ಟುತ್ತಿತ್ತು. ನಾನು ತಲೆ ಕೆಡಿಸಿಕೊಂಡೆ. ದೊಡ್ಡಪ್ಪ ಕೆಡಿಸಿಕೊಳ್ಳಲಿಲ್ಲ, ಒಂದು ಸಲ ಕೂಗಿದರೆ ಗಿರಣಿ, ಎರಡು ಸಲ ಕೂಗಿದರೆ ಸಿಡಿಲು ಅಂತ ಸೂತ್ರ ಮಾಡಿಬಿಟ್ಟರು. ಸರ್ಟಿಫಿಕೇಟು ನನ್ನದಾದರೂ ಸಿದ್ಧಾಂತ ಅವರದು. ಆ ಸೂತ್ರ ಒಂದೆರಡು ಸಲ ನಿಜವೂ ಆಯಿತು. ಅಲ್ಲಿಂದ ಮುಂದೆ ಊರಿನವರು ಮೆಣಸಿನಕಾಯಿ ಒಣಗಲು ಹರಡುವ ಮೊದಲು ನಮ್ಮ ಹಿತ್ತಲಿಗೆ ಬಂದು ಮೆಷಿನ್ನು ಏನನ್ನುತ್ತದೆ ಅಂತ ಕೇಳಿಕೊಂಡು ಹೋಗತೊಡಗಿದರು. ಶೆಟ್ಟಿಕೆರೆಯಿಂದ ಒಬ್ಬರು ಮಗಳ ಲಗ್ನಕ್ಕೆ ಚಪ್ಪರ ಹಾಕುವ ದಿನ ಕೇಳಲು ಬಂದಿದ್ದರು. ದೊಡ್ಡಪ್ಪ ಸ್ನಾನ ಮಾಡಿ ವಿಭೂತಿ ಧರಿಸಿದ ಮೇಲೆ ಉಳಿದದ್ದನ್ನು ಡಬ್ಬಿಯ ಹಣೆಗೂ ಬಳಿಯುತ್ತಿದ್ದರು.

ದೊಡ್ಡಮ್ಮನಿಗೆ ಮಾತ್ರ ಅದರ ಮೇಲೆ ಭಕ್ತಿ ಹುಟ್ಟಲಿಲ್ಲ. ಗುಡುಗಿದರೆ ಅವರು ಒಲೆಯ ಮುಂದೆ ಕೂತಲ್ಲೇ 'ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ' ಅಂತ ಹೇಳಿಕೊಳ್ಳುತ್ತಿದ್ದರು. ಅದಕ್ಕೆ ಸೆಲ್ಲು ಬೇಕಾಗಿರಲಿಲ್ಲ.

ಮೊದಲ ಕೊಯ್ಲು ಬಂತು. ಮೂಡ್ಲಯ್ಯ ಮರದ ಮೇಲೆ, ದೊಡ್ಡಪ್ಪ ಕೆಳಗೆ, ನಾನು ಪಡಸಾಲೆಯಲ್ಲಿ ಡಬ್ಬಿಯ ಕಾವಲು. ಮಧ್ಯಾಹ್ನದ ಹೊತ್ತಿಗೆ ಮೂಡ್ಲಯ್ಯ ಎಂದಿನಂತೆ ಗಾಳಿ ತಿರುಗಿತು, ಇಳಿಯುತ್ತೇನೆ ಅಂದ. ದೊಡ್ಡಪ್ಪ ನನ್ನ ಕಡೆ ತಿರುಗಿ ಮೆಷಿನ್ನು ಕೂಗಿತೇ ಅಂತ ಕೇಳಿದರು. ನಾನು ಇಲ್ಲ ಅಂದೆ. ಅವರು ಮೇಲೆ ನೋಡಿ, "ಮೆಷಿನ್ನೇ ಸುಮ್ಕದೆ, ನಿಂದೇನ್ಲಾ? ಇನ್ನೆಲ್ಡು ಮರ ಮುಗ್ಸು" ಅಂದರು. ಮೂಡ್ಲಯ್ಯ ಒಂದು ಗಳಿಗೆ ಮರಕ್ಕೆ ಒರಗಿದ ಹಾಗೇ ಇದ್ದು, ಮತ್ತೆ ಮಚ್ಚು ಎತ್ತಿದ.

ಅವನನ್ನು ಇಳಿಸಲೆಂದು ಮಾಡಿದ ಯಂತ್ರ ಅವನನ್ನು ಮೇಲೆ ನಿಲ್ಲಿಸುವ ಯಂತ್ರವಾಗಿತ್ತು. ಇದು ನನಗೆ ಆ ದಿನವೇ ಹೊಳೆಯಿತು. ಆದರೆ ಮನೆಯಲ್ಲಿ ಮೊದಲ ಸಲ ನನ್ನ ವಿದ್ಯೆಗೆ ಬೆಲೆ ಬಂದಿತ್ತು. ಊಟಕ್ಕೆ ಕೂತರೆ ತುಪ್ಪ ಕೇಳದೆಯೇ ಬೀಳುತ್ತಿತ್ತು. ಹೊಳೆದದ್ದನ್ನು ತುಪ್ಪದ ಜೊತೆ ನುಂಗಿದೆ.

ಇನ್ನು ಸೆಲ್ಲಿನ ಕಥೆ. ಆ ಕಾಲದಲ್ಲಿ ಸೆಲ್ಲು ಸತ್ತರೆ ಯಾರೂ ಎಸೆಯುತ್ತಿರಲಿಲ್ಲ. ಹಂಚಿನ ಮೇಲೆ, ಸಂಡಿಗೆಯ ಪಕ್ಕದಲ್ಲಿ, ಬಿಸಿಲಿಗೆ ಇಡುತ್ತಿದ್ದೆವು. ನಾಲ್ಕು ದಿನ ಕಾದ ಸೆಲ್ಲು ಟಾರ್ಚಿಗೆ ಹಾಕಿದರೆ ಮಿಣುಕು ಹುಳದಷ್ಟು ಬೆಳಕು ಕೊಟ್ಟು, ಬದುಕಿದ್ದೇನೆ ಅಂತ ಹೇಳಿ ಮತ್ತೆ ಸಾಯುತ್ತಿತ್ತು. ಹೀಗೆ ಎರಡೆರಡು ಸಲ ಸತ್ತು ಹುಟ್ಟಿದ ಸೆಲ್ಲುಗಳು ನಮ್ಮ ಮನೆಯಲ್ಲಿ ಡಜನ್ನುಗಟ್ಟಲೆ ಇದ್ದವು. ಎರಡನೇ ಕೊಯ್ಲಿನ ಹಿಂದಿನ ದಿನ ರೇಡಿಯೊದಲ್ಲಿ ಕ್ರಿಕೆಟ್ ಕಾಮೆಂಟರಿ ಇತ್ತು. ನಾನು ಡಬ್ಬಿಯ ಹೊಸ ಸೆಲ್ಲುಗಳನ್ನು ತೆಗೆದು ರೇಡಿಯೊಗೆ ಹಾಕಿಕೊಂಡು, ಅದಕ್ಕೆ ಬಿಸಿಲು ಕುಡಿದವುಗಳನ್ನು ಹಾಕಿದೆ. ಮಾರನೇ ದಿನ ಬದಲಾಯಿಸಿದರಾಯಿತು ಅಂದುಕೊಂಡೆ. ನಮ್ಮವರು ಆ ಪಂದ್ಯವನ್ನು ಗೆಲ್ಲಲೂ ಇಲ್ಲ.

ಮಾರನೇ ದಿನ ಮರೆತೆ. ಮಧ್ಯಾಹ್ನ ಮೂರರ ಹೊತ್ತಿಗೆ ಮೂಡಲ ದಿಕ್ಕು ಕಪ್ಪಾಯಿತು. ಮೂಡ್ಲಯ್ಯ ಕೆರೆ ಏರಿಯ ಪಕ್ಕದ ಸಾಲಿನ ಮರದಲ್ಲಿದ್ದ. ಇಳಿಯುತ್ತೇನೆ ಅಂದ. ದೊಡ್ಡಪ್ಪ ಎಂದಿನಂತೆ ನನ್ನ ಕಡೆ ತಿರುಗಿದರು. ನಾನು ಕಂಬದ ಕಡೆ ನೋಡಿ, ಸುಮ್ಮನಿದೆ ಅಂತ ಕೂಗಿ ಹೇಳಿದೆ. ಹೇಳಿ ಬಾಯಿ ಮುಚ್ಚುವಾಗ ಸೆಲ್ಲಿನ ನೆನಪು ಬಂತು. ಅದನ್ನೂ ಕೂಗಿ ಹೇಳಬೇಕಿತ್ತು. ನಾಚಿಕೆಯಾಯಿತು, ಓಡಿಹೋಗಿ ಬದಲಾಯಿಸಿಬಿಡೋಣ ಅಂತ ರೇಡಿಯೊ ಹುಡುಕಲು ಒಳಗೆ ನುಗ್ಗಿದೆ. ನೋಡಿ, ಒಂದು ಮಾತು ಹೇಳುವುದಕ್ಕಿಂತ ನಾಲ್ಕು ಸೆಲ್ಲು ಬದಲಾಯಿಸುವುದು ನನಗೆ ಸುಲಭ ಅನ್ನಿಸಿತ್ತು. ಅವಸರಕ್ಕೆ ರೇಡಿಯೊದ ಮುಚ್ಚಳ ಬಿಚ್ಚಿಕೊಳ್ಳುತ್ತಿರಲಿಲ್ಲ.

ಹೊರಗಿನ ಮಾತು ಕೇಳಿಸುತ್ತಿತ್ತು. ಇಳಿದರೆ ಇನ್ನು ಈ ತೋಟಕ್ಕೆ ಕಾಲಿಡಬೇಡ ಅಂತ ದೊಡ್ಡಪ್ಪ ಹೇಳಿದರು. ಮೇಲಿನಿಂದ ಮೂಡ್ಲಯ್ಯ, "ಆಗ್ಲಿ ಬುಡಿ ಯಜಮಾನ್ರೇ, ಕಾಲಿದ್ರಲ್ವಾ ಇಡಾದು" ಅಂದ. ನಾನು ಕಿಟಕಿಯಿಂದ ನೋಡುತ್ತಿದ್ದಂತೆ ಅವನು ಸರಸರ ಇಳಿದು, ಹಗ್ಗದ ಬಳೆ ಹೆಗಲಿಗೆ ಹಾಕಿಕೊಂಡು, ಮಚ್ಚನ್ನು ಅಲ್ಲೇ ಬಿಸಾಕಿ ಬೇಲಿ ದಾಟಿದ. ಅವನ ಮುಖ ನೋಡಿ ಏನನ್ನಿಸಿತೋ, ದೊಡ್ಡಪ್ಪನೂ ಬೈಯುತ್ತಲೇ ಪಡಸಾಲೆಯ ಕಡೆ ಬಂದರು. ಅವರು ಇನ್ನೂ ಮೆಟ್ಟಿಲು ಹತ್ತಿ ಮುಗಿಸಿರಲಿಲ್ಲ, ಹಿತ್ತಲೆಲ್ಲ ಬೆಳ್ಳಗಾಗಿ ಬಂಡೆ ಸೀಳಿದಂಥ ಸದ್ದಾಯಿತು. ಅವನು ಇಳಿದ ಮರದಿಂದ ಮೂರನೇ ಮರದ ಸುಳಿಯಲ್ಲಿ ಹೊಗೆ ಬರುತ್ತಿತ್ತು. ನನ್ನ ಕೈಯಲ್ಲಿ ಎರಡು ಸೆಲ್ಲಿದ್ದವು. ಡಬ್ಬಿ ಆಗಲೂ ಕೂಗಲಿಲ್ಲ.

ಸಂಜೆಯ ಹೊತ್ತಿಗೆ ಊರಲ್ಲಿ ಬೇರೆಯದೇ ಕಥೆ ಹುಟ್ಟಿತ್ತು. ಡಬ್ಬಿ ಎರಡು ಸಲ ಕೂಗಿತಂತೆ, ದೊಡ್ಡಪ್ಪ ಇಳಿಯಪ್ಪಾ ಇಳಿ ಅಂತ ಗೋಗರೆದರಂತೆ, ಮೂಡ್ಲಯ್ಯ ಇಳಿದು ಹತ್ತು ಹೆಜ್ಜೆ ಇಡುವುದರಲ್ಲಿ ಅದೇ ಮರಕ್ಕೆ ಬಡಿಯಿತಂತೆ. ದೊಡ್ಡಪ್ಪ ಸುಳ್ಳು ಹೇಳುವವರಲ್ಲ. ಮೊದಲನೆಯವರಿಗೆ ಹೇಳುವಾಗ ಮೆಷಿನ್ನು ಸಣ್ಣಗೆ ಕೂಗಿದಂತಿತ್ತು ಅಂದರು, ಐದನೆಯವರಿಗೆ ಹೇಳುವಾಗ ಜೋರಾಗಿ ಕೂಗಿತ್ತು, ಹತ್ತನೆಯವರ ಹೊತ್ತಿಗೆ ಅವರೇ ಅದನ್ನು ನಂಬಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಇಲ್ಲವೆನ್ನಲಿಲ್ಲ. ಗೋಣು ಅಲ್ಲಾಡಿಸಿದೆ ಅಂತಲೂ ಹೇಳಬಹುದು.

ಮಾರನೇ ದಿನ ಬೆಳಿಗ್ಗೆ ಮೂಡ್ಲಯ್ಯನನ್ನು ಕರೆಸಿದರು. ಮೆಷಿನ್ನು ಜೀವ ಉಳಿಸಿದೆ, ಅದಕ್ಕೊಂದು ಕಾಯಿ ಒಡೆ ಅಂತ ಕೈಗೆ ತೆಂಗಿನಕಾಯಿ ಕೊಟ್ಟರು. ಅವನೇ ಕಿತ್ತ ಕಾಯಿ, ಅವನೇ ಉಳಿಸಿಕೊಂಡ ಜೀವ, ನಡುವೆ ನನ್ನ ಸೋಪಿನ ಡಬ್ಬಿ. ಅವನು ಕಾಯಿಯನ್ನು ಒಂದೇ ಏಟಿಗೆ ಒಡೆದ. ಆಮೇಲೆ ಎಲ್ಲರೂ ಪ್ರಸಾದ ಅಂತ ಕಾಯಿಚೂರು ತಿನ್ನುತ್ತಿರುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸಣ್ಣ ಯಜಮಾನ್ರೇ, ಕಾಯಿ ಒಡ್ದೀನಿ, ಅದಿರ್ಲಿ. ಇನ್ಮ್ಯಾಕೆ ಇದು ಕೂಗ್ದೇ ಇದ್ರೆ ನಾನು ಮ್ಯಾಲೇ ಇರ್ಬೇಕಾ?"

ಬಿ.ಎಸ್ಸಿ.ಯಲ್ಲಿ ನನಗೆ ಯಾರೂ ಇಷ್ಟು ಕಷ್ಟದ ಪ್ರಶ್ನೆ ಕೇಳಿರಲಿಲ್ಲ. ಇಲ್ಲಿ ಎರಡನೇ ಸಲ ಕೂರುವ ಅವಕಾಶವೂ ಇರಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಗಟ್ಟಿ ಮನಸ್ಸು ಮಾಡಿ, ಊರಿನ ನಾಲ್ಕು ಜನ ಜಗಲಿಯಲ್ಲಿ ಕೂತಿದ್ದಾಗಲೇ ಡಬ್ಬಿಯನ್ನು ಇಳಿಸಿ ತಂದು ಬಿಚ್ಚಿದೆ. ನೋಡಿ, ಅವತ್ತು ಇದರಲ್ಲಿದ್ದದ್ದು ಸತ್ತ ಸೆಲ್ಲು, ನಾನೇ ಹಾಕಿದ್ದು, ಇದು ಕೂಗಿರಲು ಸಾಧ್ಯವೇ ಇಲ್ಲ, ಮೂಡ್ಲಯ್ಯ ತನ್ನ ಬುದ್ಧಿಯಿಂದ ಇಳಿದ ಅಂತ ಒಂದೇ ಉಸಿರಿಗೆ ಹೇಳಿದೆ. ಸಿಡಿಲು ನನ್ನ ತಲೆಗೇ ಬಡಿಯುತ್ತದೆ ಅಂತ ಕಣ್ಣು ಮುಚ್ಚಿಕೊಂಡಿದ್ದೆ.

ದೊಡ್ಡಪ್ಪ ಗಡ್ಡ ತುರಿಸಿಕೊಂಡರು. ಆಮೇಲೆ ಕೂತವರ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ಕೇಳುದ್ರೇನ್ರಪ್ಪ? ಸೆಲ್ಲಿಲ್ದೇನೇ ಕೂಗೈತೆ."

ಅವತ್ತಿನಿಂದ ಡಬ್ಬಿಗೆ ದಿನಾ ಹೂವು ಏರತೊಡಗಿತು. ನಾನು ವಿಜ್ಞಾನದಿಂದ ನಿವೃತ್ತನಾದದ್ದು ಆಗಲೇ.

ನಿಜ ಹೇಳಿ ಗೆಲ್ಲುವ ಹಾಗಿಲ್ಲದಿದ್ದರೆ ಮನುಷ್ಯ ಉಪಾಯ ಹುಡುಕುತ್ತಾನೆ. ಡಬ್ಬಿಯನ್ನು ರಿಪೇರಿಯ ನೆಪದಲ್ಲಿ ಇಳಿಸಿ, ಅದರ ಗಂಟೆಯಿಂದ ಎರಡು ತಂತಿ ಎಳೆದು ಕಂಬದ ಹಿಂಬದಿಯಲ್ಲಿ, ಅಡಿಗೆಮನೆಯ ಕಿಟಕಿಯ ಪಕ್ಕ, ಒಂದು ಸಣ್ಣ ಗುಂಡಿ ಕೂರಿಸಿದೆ. ಒತ್ತಿದರೆ ಡಬ್ಬಿ ಕೂಗುತ್ತದೆ; ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂಡ್ಲಯ್ಯನಿಗೆ ಗುಟ್ಟು ಹೇಳಿದೆ. ಅವನಿಗೆ ಇಳಿಯಬೇಕು ಅನ್ನಿಸಿದಾಗ ಎರಡು ಒಣಗರಿ ಒಂದರ ಹಿಂದೊಂದು ಕೆಡವುವುದು, ನಾನು ಗುಂಡಿಯನ್ನು ಎರಡು ಸಲ ಒತ್ತುವುದು. ಅವನು ಕೇಳಿ ನಗಲಿಲ್ಲ, ಆಗಲಿ ಅಂದ.

ಮುಂದಿನ ಒಂದು ವರ್ಷ ಡಬ್ಬಿಯ ಕೀರ್ತಿ ಮಾಯಸಂದ್ರದ ಆಚೆಗೂ ಹೋಯಿತು. ಅದು ಕೂಗಿದಾಗೆಲ್ಲ ದೊಡ್ಡಪ್ಪನೇ ಅವಸರಪಡಿಸಿ ಮೂಡ್ಲಯ್ಯನನ್ನು ಇಳಿಸುತ್ತಿದ್ದರು. ಸಿಡಿಲು ಬಾರದಿದ್ದರೆ, ಬರುವುದಿತ್ತು ತಪ್ಪಿತು ಅನ್ನುತ್ತಿದ್ದರು. ಅದೇ ಮೂಡ್ಲಯ್ಯ, ಅದೇ ಗಾಳಿ, ಅದೇ ನಾಲ್ಕರಲ್ಲಿ ಒಂದು. ಅವನ ಬಾಯಿಂದ ಬಂದಾಗ ಸೋಮಾರಿತನವಾಗಿದ್ದದ್ದು ಡಬ್ಬಿಯ ಬಾಯಿಂದ ಬಂದಾಗ ವಿಜ್ಞಾನವಾಯಿತು.

ಆಮೇಲೆ ನನಗೆ ಹಾಸನದ ಕಡೆ ಮೇಷ್ಟರ ಕೆಲಸದ ಆರ್ಡರು ಬಂತು. ಮನೆಯವರೆಲ್ಲ ಸಂತೋಷಪಟ್ಟರು. ಮೂಡ್ಲಯ್ಯನೂ ಎಳನೀರು ಕೆತ್ತಿಕೊಟ್ಟು ಒಳ್ಳೆಯದಾಯಿತು ಅಂದ. ನಾನು ಕುಡಿದು ಮುಗಿಸುವವರೆಗೂ ನಿಂತಿದ್ದು, "ನೀವು ಹೋದ್ಮ್ಯಾಕೆ ನನ್ ಮಾತ ಯಾರು ಕೂಗ್ತಾರೆ?" ಅಂದ. ಬಟ್ಟೆ ಜೋಡಿಸುತ್ತಿದ್ದರೂ ಅದೇ ಮಾತು, ಬಸ್ಸಿನ ಹೊತ್ತು ನೋಡುತ್ತಿದ್ದರೂ ಅದೇ ಮಾತು. ಹೊರಡುವ ಬೆಳಿಗ್ಗೆ ಅಡಿಗೆಮನೆಯಲ್ಲಿ ದೊಡ್ಡಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದವನು ಕಿಟಕಿಯ ಕಡೆ ನೋಡಿದೆ. ದೊಡ್ಡಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಗುಂಡಿ ಒತ್ತಾಕೆ ಬಿಎಸ್ಸಿ ಓದ್ಬೇಕೇನಪ್ಪ? ಎಲ್ಡು ಗರಿ ಬಿದ್ರೆ ಎಲ್ಡು ಸಲ. ನಂಗೊತ್ತು, ನೀನು ಹೊರಡು."

ಕಿಟಕಿಯ ಪಕ್ಕ ಇಡೀ ವರ್ಷ ಕೂತಿದ್ದವರಿಗೆ ಕಾಣದೇ ಇರುತ್ತದೆಯೇ? ಅವರು ಆರು ವರ್ಷ ಆ ಗುಂಡಿ ಒತ್ತಿದರು. ಸೆಲ್ಲನ್ನೂ ಅವರೇ ಬದಲಾಯಿಸುತ್ತಿದ್ದರು. ಹೊಸದೇ ಹಾಕುತ್ತಿದ್ದರು. ಮೂಡ್ಲಯ್ಯ ಮಂಡಿನೋವಿಗೆ ಮರ ಬಿಟ್ಟು, ಮೊಮ್ಮಕ್ಕಳನ್ನು ಕಂಡು, ತನ್ನ ಮನೆಯ ಹಾಸಿಗೆಯ ಮೇಲೆ ತೀರಿಕೊಂಡ. ಮರ ಹತ್ತುವವನಿಗೆ ಇದು ಸಣ್ಣ ಭಾಗ್ಯವಲ್ಲ.

ಈ ಕಥೆಯನ್ನು ನಾನು ಸ್ಟಾಫ್ ರೂಮುಗಳಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನನ್ನ ಜಾಣತನದ ಕಥೆಯೆಂದೇ ಹೇಳುತ್ತಿದ್ದೆ. ಮೊನ್ನೆ ಆ ಸ್ಟೂಲಿನ ಮೇಲೆ ಕೂತಿದ್ದಾಗ ಮಾತ್ರ ನಗು ಬರಲಿಲ್ಲ, ನಾಚಿಕೆಯಾಯಿತು. ಒಬ್ಬ ಮನುಷ್ಯ ಹೆದರಿಕೆಯಾಗುತ್ತಿದೆ, ಇಳಿಯುತ್ತೇನೆ ಅಂದರೆ ಇಳಿ ಅನ್ನಲು ನಮಗೆ ನಾಲ್ಕು ಸೆಲ್ಲು, ಎರಡು ಟ್ರಾನ್ಸಿಸ್ಟರು, ಒಂದು ಸುಳ್ಳು ಬೇಕಾಯಿತು. ಅವನ ಮಾತು ಅವನದೇ ಅಂತ ಅವನು ಸಾಯುವವರೆಗೂ ಆ ತೋಟದಲ್ಲಿ ಯಾರೂ ಒಪ್ಪಲಿಲ್ಲ. ನಾನೂ ಗಟ್ಟಿಯಾಗಿ ಇನ್ನೊಂದು ಸಲ ಹೇಳಲಿಲ್ಲ.

ಈಗ ನನ್ನ ಪಾಲಿಗೆ ಬಂದ ಮೂವತ್ತು ಮರಗಳಿವೆ. ನಿನ್ನೆ ಕಾಯಿ ಕೀಳಲು ತುರುವೇಕೆರೆ ಕಡೆಯವನೊಬ್ಬ ಬಂದಿದ್ದ. ಆರನೇ ಮರದ ಮೇಲಿಂದ, ಇಳಿಯುತ್ತೇನೆ ಸಾರ್ ಅಂತ ಕೂಗಿದ. ತಲೆಯೆತ್ತಿ ನೋಡಿದೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ, ಒಂದು ಗರಿ ಅಲ್ಲಾಡುತ್ತಿರಲಿಲ್ಲ. 'ಯಾಕೆ' ಅನ್ನುವ ಮಾತು ದೊಡ್ಡಪ್ಪನ ದನಿಯಲ್ಲೇ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಕಷ್ಟಪಟ್ಟು ನುಂಗಿ, "ಇಳಿಯಪ್ಪಾ" ಅಂದೆ.

ಅವನು ಇಳಿದು ಬಂದು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಬೀಡಿ ಹಚ್ಚಿದ. ನಾನೂ ಪಕ್ಕದಲ್ಲಿ ಕೂತೆ. ಯಾಕೆ ಇಳಿದೆ ಅಂತ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.